ಬೂದಿ ರೋಗ ಬರುವ ಮೊದಲೇ ಸೌತೆಯನ್ನು ಸಜ್ಜು ಮಾಡಿದ್ದು: ನನ್ನ ಅನುಭವ

ಬೂದಿ ರೋಗ ಅಂದರೆ ಸೌತೆ ಎಲೆ ಮೇಲೆ ಬಿಳಿ ಪುಡಿಯಂತೆ ಹರಡುವ ಬೂಜು. ಗಿಡ ರೋಗ ಎದುರಿಸಲು ತಾನೇ ತಯಾರಿಸುವ ಸ್ಯಾಲಿಸಿಲಿಕ್ ಆಮ್ಲವನ್ನು ಹೊರಗಿನಿಂದ ಸಿಂಪಡಿಸಿದರೆ ಈ ರೋಗ ನಿಲ್ಲಲ್ಲ ಅಂದವರೇ ಈಗ ಪ್ರಮಾಣ ಕೇಳುತ್ತಿದ್ದಾರೆ. ಮೂರು ಬೆಳೆ ಕೈಕೊಟ್ಟು ನಾಲ್ಕನೆಯದರಲ್ಲಿ ದಾರಿ ಸಿಕ್ಕಿತು.

ಮೊದಲ ತಪ್ಪು ಕರಗಿಸುವುದರಲ್ಲೇ ಆಗಿತ್ತು. ಆಲ್ಕೋಹಾಲಿನಲ್ಲಿ ಕರಗಿಸಿ ತಣ್ಣೀರಿಗೆ ಒಮ್ಮೆಲೇ ಸುರಿದರೆ ಆಮ್ಲ ಮತ್ತೆ ಸೂಜಿಯಂತೆ ಹರಳುಗಟ್ಟುತ್ತದೆ. ಸಿಂಪಡಿಸುವ ಪಂಪಿನ ನಾಜಲ್ ಕಟ್ಟಿತು, ಹರಳು ಕೂತಲ್ಲೆಲ್ಲ ಎಲೆ ಸುಟ್ಟಿತು. ಈಗ ಆಲ್ಕೋಹಾಲ್ ಬಿಟ್ಟೇಬಿಟ್ಟೆ. 10 ಲೀಟರಿಗೆ 1.4 ಗ್ರಾಂ ಆಮ್ಲ, ಅಂದರೆ ಸಾಂದ್ರತೆಯ ಲೆಕ್ಕದಲ್ಲಿ ಸುಮಾರು 1 ಮಿಲಿಮೋಲಾರ್. ಅದನ್ನು ಒಂದು ಲೋಟ ಬೆಚ್ಚನೆ ನೀರಿಗೆ ಹಾಕಿ, ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ಸ್ವಲ್ಪಸ್ವಲ್ಪವೇ ಸೇರಿಸಿದರೆ ತಿಳಿಯಾಗುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) 6ರ ಆಸುಪಾಸು ನಿಲ್ಲಿಸಿ, ಉಳಿದ ನೀರಿಗೆ ಬೆರೆಸಬೇಕು. ಎಲೆಗೆ ಹಿಡಿಯಲು ಏನು ಸೇರಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಡನೇ ಬೆಳೆಯಲ್ಲಿ ಬಿಳಿ ಚುಕ್ಕೆ ಕಂಡ ಮೇಲೆ ಹೊಡೆದೆ. ಇದು ಶಿಲೀಂಧ್ರ ಕೊಲ್ಲುವ ಔಷಧಿಯಲ್ಲ, ಗಿಡಕ್ಕೆ ಕೊಡುವ ಎಚ್ಚರಿಕೆ. ರಕ್ಷಣೆ ಕಟ್ಟಿಕೊಳ್ಳಲು ಗಿಡಕ್ಕೆ ಮೂರು ನಾಲ್ಕು ದಿನ ಬೇಕು. ಆ ಸಲ ಇದರ ಖರ್ಚಿನ ಮೇಲೆ ಶಿಲೀಂಧ್ರನಾಶಕದ್ದೂ ಬಿತ್ತು. ಮೂರನೆಯದರಲ್ಲಿ ಪ್ರಮಾಣ ಮೂರು ಪಟ್ಟು ಏರಿಸಿದೆ: ಎಲೆಯಂಚು ಕರಟಿತು, ಬಳ್ಳಿ ಕುಗ್ಗಿತು, ಇಳುವರಿ ಹೆಚ್ಚುಕಡಿಮೆ ಕಾಲು ಭಾಗ ಹೋಯಿತು. ಗಿಡ ತನ್ನ ಶಕ್ತಿಯನ್ನು ರಕ್ಷಣೆಗೆ ಸುರಿದಷ್ಟೂ ಬೆಳವಣಿಗೆಗೆ ಕೊರತೆ.

ಈಗ ನಾಲ್ಕೈದು ಎಲೆ ಬಂದಾಗ ಮೊದಲ ಸಿಂಪಡಣೆ, ಆಮೇಲೆ ಹತ್ತು ಹನ್ನೆರಡು ದಿನಕ್ಕೊಮ್ಮೆ, ಸಂಜೆ ಹೊತ್ತು. ಒಂದು ಸಾಲಿನಲ್ಲಿ ಕೆಳಗಿನ ಎರಡೇ ಎಲೆಗೆ ಹೊಡೆದು ನೋಡಿದೆ. ಮೇಲಿನ ಎಲೆಗಳಲ್ಲೂ ರೋಗ ಕಡಿಮೆಯಾಯಿತು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಕಂಡವು. ಬೂಜು ಇಳಿದ ಜಾಗದ ಕೋಶಗಳನ್ನು ಗಿಡವೇ ಸಾಯಿಸಿಬಿಟ್ಟಿತ್ತು. ಜೀವಂತ ಕೋಶವಿಲ್ಲದೆ ಈ ಬೂಜಿಗೆ ಊಟವಿಲ್ಲ. ಸತ್ತ ಅಂಗಾಂಶ ತಿನ್ನುವ ಬೂದುಬಣ್ಣದ ಬೊಟ್ರೈಟಿಸ್ ಕೊಳೆಗೆ ಮಾತ್ರ ಇದರಿಂದ ಏನೂ ಆಗಲಿಲ್ಲ.

ಪಕ್ಕದ ಸಾಲಿನಲ್ಲಿ ಸಿಲಿಕಾನ್ ಒದಗಿಸುವ ಪೊಟ್ಯಾಸಿಯಂ ಸಿಲಿಕೇಟನ್ನು ಬೇರಿಗೆ ಕೊಟ್ಟೆ. ಅದೂ ರೋಗವನ್ನು ಚೆನ್ನಾಗಿ ತಡೆಯಿತು, ಆದರೆ ಕೊಡುವುದು ನಿಲ್ಲಿಸಿದರೆ ಆಮೇಲೆ ಬರುವ ಎಲೆಗಳಿಗೆ ರಕ್ಷಣೆ ಇಲ್ಲ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಒಂದೇ ತೊಟ್ಟಿಗೆ ಹಾಕಿದರೆ ಗಸಿಗಟ್ಟಿ ಡ್ರಿಪ್ ಮುಚ್ಚುತ್ತದೆ. ಸ್ಯಾಲಿಸಿಲಿಕ್ ಆಮ್ಲ, ಸಿಲಿಕೇಟ್ ಎರಡನ್ನೂ ಬಳಸಿದ ಬೆಳೆಯಲ್ಲಿ ಎಂಟು ಸಲದ ಶಿಲೀಂಧ್ರನಾಶಕ ಎರಡು ಮೂರಕ್ಕೆ ಇಳಿಯಿತು. ಉಳಿತಾಯವಾದ ಹಣದಲ್ಲಿ ದೊಡ್ಡ ಪಾಲು ಕೂಲಿಯದ್ದು.