ಅಕ್ಕಿ ಬೇಡ, ಬೇಳೆ ಕೊಡಿ: ವರ್ಷಪೂರ್ತಿ ನೆರವು ನಡೆಸುವ ನಮ್ಮ ಬಗೆ

ದೀಪಾವಳಿಯ ವಾರ ಕಟ್ಟಡ ಕೆಲಸದವರ ಒಂದೇ ಶೆಡ್ಡಿಗೆ ಮೂರು ಕಡೆಯಿಂದ ಸಿಹಿ ಡಬ್ಬಿ ಬರುತ್ತದೆ. ಮಳೆ ಹಿಡಿದು ಕಟ್ಟಡದ ಕೆಲಸ ನಿಂತ ಜುಲೈನಲ್ಲಿ ಆ ಕಡೆ ಯಾರೂ ಸುಳಿಯುವುದಿಲ್ಲ. ಬೆಂಗಳೂರಿನ ನಮ್ಮ ಬಡಾವಣೆಯ ಗುಂಪು ಹಬ್ಬದ ವಿತರಣೆ ಬಿಟ್ಟು, ಕಷ್ಟದಲ್ಲಿರುವ ಮನೆಗಳಿಗೆ ತಿಂಗಳು ತಿಂಗಳು ದಿನಸಿ ಕೊಡುವ ಲೆಕ್ಕಕ್ಕೆ ಬಂದದ್ದು ಇದಕ್ಕೇ.

ಮೊದಲು ದುಡ್ಡಿನ ಮಾತು. ಇಪ್ಪತ್ತು ಮನೆಯವರು ತಿಂಗಳಿಗೆ 500 ರೂಪಾಯಿ ಹಾಕಿದರೆ 10,000 ಆಗುತ್ತದೆ. ಒಂದು ಮನೆಯ ದಿನಸಿ ಕಿಟ್‌ಗೆ ಸಾವಿರದ ಆಸುಪಾಸು ಬೀಳುತ್ತದೆ ಎಂದು ಹತ್ತು ಕುಟುಂಬ ಹಿಡಿಯಬೇಡಿ, ಎಂಟೇ ಹಿಡಿಯಿರಿ. ಉಳಿದ ಎರಡು ಸಾವಿರ ಶಾಲೆ, ಮಳೆ, ಚಳಿಯ ಖರ್ಚಿಗೆ ಬೇಕು. ನಡುವೆ ಯಾರಾದರೂ ದುಡ್ಡು ಹಾಕುವುದು ನಿಲ್ಲಿಸಿದರೂ ಕೈ ಹಿಡಿಯುವುದು ಅದೇ. ಯುಪಿಐ ಆಟೋಪೇ ಇಟ್ಟರೆ ಪ್ರತಿ ತಿಂಗಳು ಕೇಳುವ ಮುಜುಗರ ತಪ್ಪುತ್ತದೆ. ನೋಂದಾಯಿಸದ ಗುಂಪಿಗೆ ಕೊಟ್ಟ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗದು ಎಂದು ಮೊದಲೇ ಹೇಳಿಬಿಡಿ, ಇಲ್ಲವಾದರೆ ಮಾರ್ಚ್‌ನಲ್ಲಿ ಎಲ್ಲರೂ ರಸೀದಿ ಕೇಳುತ್ತಾರೆ.

ಯಾರಿಗೆ ಕೊಡಬೇಕೆಂದು ಏರಿಯಾದ ಪುಢಾರಿಯನ್ನು ಕೇಳಿದರೆ ಅವರ ಕಡೆಯವರ ಪಟ್ಟಿಯೇ ಬರುತ್ತದೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್‌ ಇವರನ್ನು ಕೇಳಿ. ಯಾವ ಮನೆಯಲ್ಲಿ ದುಡಿಯುವವನ ಕಾಲು ಮುರಿದಿದೆ, ಯಾವ ಅಜ್ಜಿ ಒಬ್ಬಳೇ ಇದ್ದಾಳೆ ಎಂಬುದು ಅವರಿಗೆ ಗೊತ್ತಿರುತ್ತದೆ. ಆಮೇಲೆ ಒಮ್ಮೆ ನಾವೇ ಮನೆಗೆ ಹೋಗಿ, ಸರ್ಕಾರದಿಂದ ಏನೇನು ಬರುತ್ತಿದೆ ಎಂದು ಕೇಳಿಕೊಳ್ಳುತ್ತೇವೆ. ಇಡೀ ಲೆಕ್ಕ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಅನ್ನಭಾಗ್ಯದ ಅಕ್ಕಿ ಬರುವ ಮನೆಗೆ ಮತ್ತೆ ಅಕ್ಕಿ ಚೀಲ ಹೊತ್ತುಕೊಂಡು ಹೋದರೆ ಅದು ಅರ್ಧ ಬೆಲೆಗೆ ಅಂಗಡಿ ಸೇರುತ್ತದೆ. ತಪ್ಪು ಅವರದ್ದಲ್ಲ, ಅವರಿಗೆ ಬೇಕಿದ್ದುದು ಎಣ್ಣೆ. ನಾಲ್ಕು ಜನರ ಮನೆಗೆ ನಮ್ಮ ಕಿಟ್‌ ಇಷ್ಟು: ತೊಗರಿಬೇಳೆ 2 ಕೆಜಿ, ಸೂರ್ಯಕಾಂತಿ ಎಣ್ಣೆ 2 ಲೀಟರ್‌, ಬೆಲ್ಲ 1 ಕೆಜಿ, ಉಪ್ಪು 1 ಕೆಜಿ, ಕಡಲೆಬೀಜ ಅರ್ಧ ಕೆಜಿ, ಖಾರದಪುಡಿ ಮತ್ತು ಟೀಪುಡಿ ಕಾಲು ಕಾಲು ಕೆಜಿ, ಮೈಸೋಪು ನಾಲ್ಕು, ಬಟ್ಟೆ ಸೋಪು ನಾಲ್ಕು, ಸ್ಯಾನಿಟರಿ ಪ್ಯಾಡ್‌ ಎರಡು ಪ್ಯಾಕ್‌. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಶೆಡ್ಡಿನಲ್ಲಿರುವವರಿಗೆ ಇದರ ಜೊತೆ ಜೋಳದ ಹಿಟ್ಟು ಬೇಕು. ಹಿಟ್ಟು ಹಳತಾದರೆ ರೊಟ್ಟಿ ತಟ್ಟುವಾಗ ಬಿರಿಯುತ್ತದೆ, ಆದ್ದರಿಂದ ಜೋಳ ಕೊಂಡು ಕೊಡುವ ಹಿಂದಿನ ದಿನ ಬೀಸಿಸುತ್ತೇವೆ.

ಎಣ್ಣೆ ಪ್ಯಾಕೆಟ್‌ ಕೊಳ್ಳುವಾಗ ಸಣ್ಣ ಅಕ್ಷರ ಓದಿ. ಒಂದು ಲೀಟರ್‌ ಎಂದರೆ ತೂಕ ಸುಮಾರು 910 ಗ್ರಾಂ ಇರಬೇಕು. ನೋಡಲು ಅದೇ ಗಾತ್ರದ 800, 850 ಗ್ರಾಂ ಪ್ಯಾಕೆಟ್‌ಗಳೂ ಇವೆ. ಕಟ್ಟುವಾಗ ಎಣ್ಣೆಯನ್ನು ಬೇರೆ ಕವರಿಗೆ ಹಾಕಿ ಗಂಟು ಬಿಗಿಯಿರಿ. ಸೋಪು ಮಾತ್ರ ಕಿಟ್‌ನ ಚೀಲದೊಳಗೆ ಇಡಲೇಬೇಡಿ, ಒಂದೇ ರಾತ್ರಿಯಲ್ಲಿ ಹಿಟ್ಟಿಗೂ ಟೀಪುಡಿಗೂ ಅದರ ವಾಸನೆ ಹಿಡಿಯುತ್ತದೆ.

ಚೀಲ ಕಟ್ಟುವುದಕ್ಕಿಂತ ನನಗೆ ಹಿಡಿಸಿದ್ದು ಚೀಟಿ ಪದ್ಧತಿ. ಅದೇ ಬೀದಿಯ ದಿನಸಿ ಅಂಗಡಿಯಲ್ಲಿ ಖಾತೆ ತೆರೆದು, ಹೆಸರು, ತಿಂಗಳು, ಮೊತ್ತ ಬರೆದ ಚೀಟಿ ಕೊಟ್ಟರೆ ಮನೆಯವರು ತಮಗೆ ಬೇಕಾದ್ದನ್ನು ಒಯ್ಯುತ್ತಾರೆ. ಬೀಡಿ, ಗುಟ್ಕಾ ಇಲ್ಲ ಎಂದು ಅಂಗಡಿಯವರಿಗೆ ಮೊದಲೇ ಹೇಳಿರಬೇಕು. ಬಿಲ್‌ ಎರಡು ಪ್ರತಿ ಇರಲಿ. ಒಂದು ಮನೆಯವರ ಕೈಗೆ ಹೋಗಬೇಕು. ದರ ಏರಿಸಿ ಬರೆದರೆ ಮೊದಲು ಗೊತ್ತಾಗುವುದು ಅವರಿಗೇ.

ಕ್ಷಯರೋಗಿಗಳಿಗೆ ಒಮ್ಮೆ ಕೊಟ್ಟು ಬಿಡುವುದರಿಂದ ಪ್ರಯೋಜನ ಕಡಿಮೆ. ಸಾಮಾನ್ಯ ಚಿಕಿತ್ಸೆಯೇ ಆರು ತಿಂಗಳು. ಕ್ಷಯರೋಗಿಗಳಿಗೆ ಆಹಾರದ ನೆರವು ಕೊಡಲು 2022ರಲ್ಲಿ ಶುರುವಾದ ನಿಕ್ಷಯ್‌ ಮಿತ್ರ ಯೋಜನೆಯಲ್ಲಿ ಹೆಸರು ನೋಂದಾಯಿಸಿದರೆ, ನೆರವಿಗೆ ಒಪ್ಪಿಗೆ ಕೊಟ್ಟ ರೋಗಿಗಳ ಜೊತೆ ಆರೋಗ್ಯ ಇಲಾಖೆಯೇ ಹೊಂದಿಸಿಕೊಡುತ್ತದೆ. ಆರು ತಿಂಗಳ ದುಡ್ಡು ಕೈಯಲ್ಲಿದ್ದರೆ ಮಾತ್ರ ಒಪ್ಪಿಕೊಳ್ಳಿ. ಅವರಿಗೆ ಕೊಡುವ ಚೀಲದ ಮೇಲೆ ಕಾಯಿಲೆಯ ಹೆಸರು ಬರೆಯುವುದು ಬೇಡ, ಬೇರೆ ಬಣ್ಣದ ಚೀಲವೂ ಬೇಡ. ಅಕ್ಕಪಕ್ಕದವರು ಅಷ್ಟರಲ್ಲೇ ಅರ್ಥ ಮಾಡಿಕೊಳ್ಳುತ್ತಾರೆ. ಫೋಟೊ ತೆಗೆಯುವ ಚಟ ಯಾರ ಮನೆಯಲ್ಲೂ ಬೇಡ. ದಾನಿಗಳಿಗೆ ಬಿಲ್ಲಿನ ಫೋಟೊ ಸಾಕು.

ಇನ್ನು ಕಾಲಕ್ಕೆ ತಕ್ಕ ಖರ್ಚು. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ ಸಿಗುತ್ತವೆ; ನಾವು ಕೊಡುವುದು ನೋಟ್‌ಬುಕ್‌. ಮೇ ತಿಂಗಳ ಕೊನೆಗೆ ಮುಖ್ಯಶಿಕ್ಷಕರಿಂದ ತರಗತಿವಾರು ಪಟ್ಟಿ ಪಡೆಯಿರಿ: ಕನ್ನಡಕ್ಕೆ ಒಂದು ಗೆರೆ, ಇಂಗ್ಲಿಷಿಗೆ ನಾಲ್ಕು ಗೆರೆ, ಗಣಿತಕ್ಕೆ ಚೌಕುಳಿ. ಪಟ್ಟಿ ಇಲ್ಲದೆ ಕೊಂಡ ಡಜನ್‌ಗಟ್ಟಲೆ ಬುಕ್ಕು ಶಾಲೆಯ ಬೀರುವಿನಲ್ಲೇ ಕೊಳೆಯುತ್ತದೆ.

ಮಳೆಗೆ ಮುಂಚೆ ಟಾರ್ಪಾಲು. ತೆಳು ನೀಲಿ ಹಾಳೆ ಒಂದು ಬೇಸಿಗೆಯ ಬಿಸಿಲಿಗೆ ಪುಡಿಯಾಗುತ್ತದೆ, ಕನಿಷ್ಠ 150 ಜಿಎಸ್‌ಎಂ (ಚದರ ಮೀಟರಿಗೆ 150 ಗ್ರಾಂ ತೂಕ) ಕೇಳಿ, ಅಂಚಿನಲ್ಲಿ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಕಣ್ಣುಗಳಿರಲಿ. ಹಗ್ಗವನ್ನೂ ಜೊತೆಗೇ ಕೊಡಿ. ಹಗ್ಗವಿಲ್ಲದಿದ್ದರೆ ಮೂಲೆಗೆ ಕಲ್ಲು ಹೇರುತ್ತಾರೆ, ಗಾಳಿಗೆ ಅದು ಮಕ್ಕಳ ಮೇಲೆ ಬಿದ್ದೀತು.

ಬೀದಿಬದಿ ಮಲಗುವವರಿಗೆ ಚಳಿಯ ರಗ್ಗುಗಳನ್ನು ಅಕ್ಟೋಬರ್‌ನಲ್ಲೇ ಕೊಂಡಿಟ್ಟುಕೊಳ್ಳಿ. ನವೆಂಬರ್‌ ಕೊನೆಗೆ ಬೇಡಿಕೆ ಏರಿ ಚೌಕಾಸಿ ನಡೆಯುವುದಿಲ್ಲ. ಹಂಚುವುದು ರಾತ್ರಿ ಹತ್ತೂವರೆಯ ನಂತರ. ಹಗಲಲ್ಲಿ ಹಂಚಿದರೆ ಕೈಚಾಚುವವರೆಲ್ಲ ಬರುತ್ತಾರೆ. ಅಷ್ಟು ಹೊತ್ತಿನಲ್ಲಿ ಅಂಗಡಿ ಜಗಲಿಯ ಮೇಲೆ ಇರುವವರು ಅಲ್ಲೇ ಮಲಗುವವರು. ಮಲಗಿದವರನ್ನು ಎಬ್ಬಿಸಬೇಡಿ, ಹೊದಿಸಿ ಮುಂದೆ ಹೋಗಿ. ಪ್ಲಾಸ್ಟಿಕ್‌ ಕವರನ್ನು ಮೊದಲೇ ತೆಗೆದಿರಿ: ಕವರಿನಲ್ಲೇ ಇರುವ ಹೊಸ ರಗ್ಗು ಬೆಳಗಾಗುವಷ್ಟರಲ್ಲಿ ಕಳ್ಳತನವಾಗುವ ಸಂಭವ ಹೆಚ್ಚು.