ಒಂದೆಲಗದ ತಲೆಗೆಣ್ಣೆ: ಪಾಕ ನೋಡುವ ಬಗೆ

ನಿದ್ದೆ ಹತ್ತದವರ ನೆತ್ತಿಗೆ ಒಂದೆಲಗದ ಎಣ್ಣೆ ಹಚ್ಚುವುದು ಮಲೆನಾಡು, ಕರಾವಳಿಯ ಹಳೆಯ ರೂಢಿ. ಹಿಡಿ ಸೊಪ್ಪನ್ನು ಅರ್ಧ ಲೀಟರ್ ಎಣ್ಣೆಯಲ್ಲಿ ಕುದಿಸಿ ‘ಗುಣ ಕಾಣಲಿಲ್ಲ’ ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ಅದು ಹಸಿರು ಬಣ್ಣದ ತೆಂಗಿನೆಣ್ಣೆ, ಅಷ್ಟೇ.

ತೈಲಪಾಕದ ಸಾಮಾನ್ಯ ಲೆಕ್ಕದಲ್ಲಿ ಎಣ್ಣೆಯ ನಾಲ್ಕು ಪಟ್ಟು ದ್ರವ, ಕಾಲು ಪಾಲು ಕಲ್ಕ (ಅರೆದ ಮದ್ದಿನ ಮುದ್ದೆ). ಹಸಿ ಸೊಪ್ಪಿನ ರಸದಲ್ಲೇ ಕಾಸುವುದಾದರೆ ಕಲ್ಕ ಎಂಟನೇ ಒಂದು ಪಾಲು ಸಾಕು. ಹಾಗಾಗಿ ನಾನು 250 ಮಿ.ಲೀ. ತೆಂಗಿನೆಣ್ಣೆಗೆ 1 ಲೀಟರ್ ರಸ, 30 ಗ್ರಾಂ ಕಲ್ಕ ಹಾಕುತ್ತೇನೆ. ಕಲ್ಕದಲ್ಲಿ 25 ಗ್ರಾಂ ಒಂದೆಲಗವೇ, ಉಳಿದ 5 ಗ್ರಾಂ ಜೀರಿಗೆ. ಬೇಗ ಶೀತವಾಗುವವರಿಗೆ ನಾಲ್ಕು ಕಾಳು ಮೆಣಸು ಸೇರಿಸಬಹುದು.

ಇಷ್ಟು ರಸಕ್ಕೆ ಎರಡು ಕೆ.ಜಿ.ಗೂ ಮಿಕ್ಕಿ ಸೊಪ್ಪು ಬೇಕು. ಬುಡದಿಂದ ಎಬ್ಬಿಸಿ ಬಳ್ಳಿ, ಬೇರು ಸಮೇತ ತೆಗೆಯಿರಿ. ಅಡಿಕೆ ತೋಟದ ಕಪ್ಪಿನಲ್ಲಿ (ನೀರು ಬಸಿದು ಹೋಗುವ ಕಾಲುವೆಯಲ್ಲಿ) ಸೊಂಪಾಗಿ ಬೆಳೆದದ್ದು ಕಣ್ಣಿಗೆ ಚೆಂದ ಕಾಣುತ್ತದೆ, ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟವಾದರೆ ಮೈಲುತುತ್ತ ಸೋರಿ ಬಿದ್ದಿರುವುದು ಈ ಎಲೆಗಳ ಮೇಲೆಯೇ. ಬಾವಿಕಟ್ಟೆಯ ಬದಿ, ಹಿತ್ತಲ ಕುಂಡ ವಾಸಿ. ಬೇರಿನ ಸಂದಿಯ ಮಣ್ಣು ಹೋಗುವವರೆಗೆ ತೊಳೆದು, ನೀರು ಬಸಿದು ರುಬ್ಬಿ ಹಿಂಡಬೇಕು. ಮಿಕ್ಸಿ ತಿರುಗದಿದ್ದರೆ ಸ್ವಲ್ಪ ನೀರು ಹಾಕಿದರೂ ನಷ್ಟವಿಲ್ಲ, ಕಾಸುವ ಹೊತ್ತು ಹೆಚ್ಚುತ್ತದೆ.

ದಪ್ಪ ತಳದ ಉರುಳಿ ಇರಲಿ, ರಸ ಎಣ್ಣೆ ಸೇರಿ ಅರ್ಧಕ್ಕಿಂತ ಮೇಲೆ ಬರಬಾರದು. ಕಾದ ಎಣ್ಣೆಗೆ ರಸ ಸುರಿದರೆ ಉಕ್ಕಿ ಒಲೆಗೆ ಬಿದ್ದು ಬೆಂಕಿ ಹತ್ತುತ್ತದೆ. ತಣ್ಣಗಿರುವಾಗಲೇ ಎಲ್ಲವನ್ನೂ ಬೆರೆಸಿ ಒಲೆಗಿಡಿ. ಕುದಿ ಬಂದ ಮೇಲೆ ಸಣ್ಣ ಉರಿ, ತಳ ಹಿಡಿಯದಂತೆ ಕೈ ಆಡಿಸುತ್ತಿರಬೇಕು. ಅವಸರಕ್ಕೆ ಉರಿ ದೊಡ್ಡದು ಮಾಡಿದರೆ ಮೇಲೆ ನೀರಿರುವಾಗಲೇ ತಳದ ಕಲ್ಕ ಕರಟುತ್ತದೆ. ಆ ಕಮಟು ಯಾವ ಸುಗಂಧಕ್ಕೂ ಹೋಗುವುದಿಲ್ಲ.

ಪಾಕವೇ ಮುಖ್ಯ. ಮೊದಲು ಕಲ್ಕ ಕೆಸರಿನಂತೆ ಸೌಟಿಗೆ ಮೆತ್ತುತ್ತದೆ. ಆಮೇಲೆ ಸೌಟು ಬಿಟ್ಟು ಮೇಣದಂತಾಗುತ್ತದೆ. ಚಿಟಿಕೆ ತೆಗೆದು ಆರಿಸಿ ಬೆರಳಲ್ಲಿ ಹೊಸೆಯಿರಿ: ಬೆರಳಿಗೆ ಅಂಟದೆ ಬತ್ತಿಯಾಗಬೇಕು. ಆ ಬತ್ತಿಯನ್ನು ದೀಪಕ್ಕೆ ಹಿಡಿದಾಗ ಚಟಪಟ ಎಂದರೆ ನೀರಿನಂಶ ಇನ್ನೂ ಇದೆ, ಸದ್ದಿಲ್ಲದೆ ಉರಿದರೆ ಆಯಿತು. ಇದೇ ಹೊತ್ತಿಗೆ ಎಣ್ಣೆಯ ಮೇಲೆ ನೊರೆ ಏಳುತ್ತದೆ (ತುಪ್ಪ ಕಾಸುವಾಗ ಇದಕ್ಕೆ ತದ್ವಿರುದ್ಧ, ನೊರೆ ಅಡಗುತ್ತದೆ). ಕಲ್ಕ ಮರಳಿನಂತೆ ಪುಡಿಯಾಯಿತೆಂದರೆ ಪಾಕ ಮೀರಿತು. ಉರುಳಿಯ ಕಾವಿನಲ್ಲಿ ಪಾಕ ಮುಂದುವರಿಯುವುದರಿಂದ ಬತ್ತಿ ಹದ ಸಿಕ್ಕ ಕೂಡಲೇ ಇಳಿಸಿ, ಬಿಸಿ ಇರುವಾಗಲೇ ಒಣ ಬಟ್ಟೆಯಲ್ಲಿ ಸೋಸಿ.

ನೀರಿನಂಶ ಉಳಿದರೆ ಎಣ್ಣೆ ಹುಳಿವಾಸನೆ ಹಿಡಿದು ಕೆಡುತ್ತದೆ. ಚಳಿಗಾಲದಲ್ಲಿ ಮಬ್ಬಾದದ್ದನ್ನೆಲ್ಲ ಹಾಳಾಯಿತೆಂದು ಚೆಲ್ಲಬೇಡಿ. ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿಡಿ, ತಿಳಿಯಾದರೆ ತೆಂಗಿನೆಣ್ಣೆ ಹೆಪ್ಪುಗಟ್ಟಿದ್ದಷ್ಟೇ.

ಮಲಗುವ ಮುನ್ನ ಒಂದು ಚಮಚ ಉಗುರುಬೆಚ್ಚಗೆ ಮಾಡಿ ನೆತ್ತಿಗೆ, ಅಂಗಾಲಿಗೆ ನಿಧಾನ ತಿಕ್ಕಿ. ನಿದ್ದೆ ಬಂದದ್ದು ಸೊಪ್ಪಿನಿಂದಲೋ ತಿಕ್ಕಿದ್ದರಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ. ನನ್ನ ಮಟ್ಟಿಗೆ ಎರಡಕ್ಕೂ ಪಾಲಿದೆ. ಒಂದೆಲಗ ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ ತರುತ್ತದೆ, ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾಯಿರಿ. ನೆಗಡಿ, ಜ್ವರ ಇದ್ದಾಗ ತಲೆಗೆ ಬೇಡ. ವಾರಗಟ್ಟಲೆ ನಿದ್ದೆಯೇ ಇಲ್ಲವೆಂದರೆ ಎಣ್ಣೆ ನಂಬಿ ಕೂರದೆ ವೈದ್ಯರಿಗೆ ತೋರಿಸಿ.