ನಿಮ್ಮ ಬರವಣಿಗೆಗೆ ಒಗ್ಗುವ ಕಥಾಪ್ರಕಾರವನ್ನು ಕಂಡುಕೊಳ್ಳುವ ಬಗೆ

ಮೊದಲು ಈಗಾಗಲೇ ಬರೆದಿಟ್ಟ ಕಥೆಗಳನ್ನು ಓದಿ, ಪ್ರತಿಯೊಂದರಲ್ಲೂ ಓದುಗನನ್ನು ಮುಂದಕ್ಕೆ ಎಳೆಯುವ ಪ್ರಶ್ನೆ ಯಾವುದೆಂದು ಅಂಚಿನಲ್ಲಿ ಗುರುತಿಸಿಕೊಳ್ಳಿ. ಆನಂತರ ಒಂದೇ ವಸ್ತುವನ್ನು ಬೇರೆ ಬೇರೆ ಪ್ರಕಾರಗಳಲ್ಲಿ ಒಂದೊಂದು ಪುಟ ಬರೆದು ನೋಡಬೇಕು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿಗೆ ಇಳಿದ ಕಾರ್ಮಿಕನೊಬ್ಬ ಮೇಲೆ ಬರಲಿಲ್ಲವೆಂದುಕೊಳ್ಳಿ: ಕಾರಣದ ಬೆನ್ನು ಹತ್ತಿದರೆ ಅದು ಪತ್ತೇದಾರಿ ಕಥೆ, ಸುರಂಗದ ಕತ್ತಲಲ್ಲಿ ಇನ್ನೇನೋ ಇದೆಯೆಂಬ ಭಯ ಬೆಳೆದರೆ ಭಯಾನಕ ಕಥೆ, ಕಾದು ಕುಳಿತ ಹೆಂಡತಿಯ ಮನೆಯನ್ನು ಬಿಟ್ಟು ಲೇಖನಿ ಕದಲದಿದ್ದರೆ ನಿಮ್ಮದು ಸಾಮಾಜಿಕ ಕಥೆ. ಅದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ನಿಮ್ಮ ಊರ ಪಕ್ಕದಲ್ಲೇ ಇದೆಯೆಂದ ಮಾತ್ರಕ್ಕೆ ಐತಿಹಾಸಿಕ ಕಾದಂಬರಿ ಒಗ್ಗುವುದಿಲ್ಲ. ಆಕರಗಳನ್ನು ಓದುವ ತಾಳ್ಮೆಯಿಲ್ಲದವರಿಗೆ ಅದು ಶಿಕ್ಷೆಯೇ ಸರಿ. ಯಾವ ಪುಟವನ್ನು ಮುಂದುವರಿಸಲು ಮನಸ್ಸು ತವಕಿಸುತ್ತದೆಯೋ ಅದನ್ನು ಪೂರ್ಣಗೊಳಿಸಿ, ಆ ಪ್ರಕಾರವನ್ನು ಚೆನ್ನಾಗಿ ಓದಿಕೊಂಡವರಿಗೆ ಕೊಟ್ಟು, ಇದು ಯಾವ ಬಗೆಯ ಕಥೆಯೆಂದು ಅವರಿಂದಲೇ ಹೇಳಿಸಿ.